ಗಾಳಿಬೋರೆಯ ಕತ್ತಲು

2019ರ ಮಾರ್ಚ್ 2, ಶನಿವಾರ. ಸೋಮವಾರ ಶಿವರಾತ್ರಿ, ಮಕ್ಕಳಿಗೆ ರಜೆ. ಜಯನಗರದ ನಾವು, ಜೆ.ಪಿ. ನಗರದ ಗೆಳತಿಯ ಮನೆಯವರು, ಬನಶಂಕರಿಯ ಗೆಳೆಯನ ಮನೆಯವರು, ಹೀಗೆ ಮೂರು ಸಂಸಾರ ಸೇರಿ ಕಾವೇರಿ ದಡದ ಗಾಳಿಬೋರೆಗೆ ಹೊರಟೆವು. ಟೆಂಟಿನಲ್ಲಿ ಒಂದು ರಾತ್ರಿ ಇದ್ದು ಬರುವುದು ಅಂತ. ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವನು ಬನಶಂಕರಿಯ ಹುಡುಗ, ಒಂಬತ್ತು ವರ್ಷ. ಎಲ್ಲರಿಗಿಂತ ಚಿಕ್ಕದು ಗೆಳತಿಯ ಮಗಳು, ಇನ್ನೂ ನಾಲ್ಕು ತುಂಬಿರಲಿಲ್ಲ. ನಡುವೆ ನನ್ನವೆರಡು. ಜೊತೆಗೆ ನಮ್ಮ ಅತ್ತೆ. ನೆಲದ ಚಳಿಗೆ ನಿಮಗೆ ಆಗಿಬರಲ್ಲಮ್ಮ ಎಂದು ನನ್ನ ಯಜಮಾನರು ಎಷ್ಟೋ ಹೇಳಿ ನೋಡಿದರು. ಕೊಳ್ಳೇಗಾಲದ ಕಡೆ ಹುಟ್ಟಿ ಬೆಳೆದ ಅತ್ತೆ, "ಆ ಹೊಳೆ ನಾನು ನೋಡದೇ ಇರೋದಾ? ಸುಮ್ಮನೆ ಕಾರು ತೆಗಿಯೋ" ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಅವರ ಕಾಲ ಬುಡದಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಗೆಣಸು, ಸಿಪ್ಪೆ ಸುಲಿಯದ ಮುಸುಕಿನ ಜೋಳ. ಬೆಂಕಿಯಲ್ಲಿ ಸುಡಲು.

ಯಾಕೆಂದರೆ ಮಕ್ಕಳಿಗೆ ಕ್ಯಾಂಪ್ ಎಂದರೆ ಬೆಂಕಿ. ಅವರ ಪುಸ್ತಕಗಳಲ್ಲಿ, ಕಾರ್ಟೂನುಗಳಲ್ಲಿ ಟೆಂಟಿನ ಮುಂದೆ ಬೆಂಕಿ ಉರಿಯಲೇಬೇಕು. ಒಂದು ವಾರದಿಂದ ಮನೆಯಲ್ಲಿ ಅದೇ ಮಾತು: ಸೌದೆ ಯಾರು ತರೋದು, ಹಚ್ಚೋದು ಯಾರು, ಹತ್ತಿರ ಯಾರು ಕೂರೋದು.

ಕನಕಪುರ ರಸ್ತೆ ಆ ವರ್ಷ ಪೂರ್ತಿ ಅಗೆದು ಹಾಕಿದ್ದರು. ಯಲಚೇನಹಳ್ಳಿ ದಾಟಿದರೆ ಮೆಟ್ರೊ ಕಂಬಗಳ ಕೆಲಸ, ಅದು ಮುಗಿಯಿತೆಂದರೆ ಹೆದ್ದಾರಿ ಅಗಲ ಮಾಡುವ ಕೆಲಸ. ಧೂಳಿನಲ್ಲಿ ತೆವಳುತ್ತ ತಾತಗುಣಿ ಹತ್ತಿರ ಬಂದಾಗ ಮಕ್ಕಳ ಗಲಾಟೆ ತಡೆಯಲಾರದೆ ನಾನು ನೀರಿನ ಕಥೆ ತೆಗೆದೆ. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ಇದೇ ದಾರಿಯಲ್ಲಿ, ನಮ್ಮ ಎದುರಿನಿಂದ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧ ಮಾಡಿ ಪಂಪ್ ಮಾಡುತ್ತಾರೆ; ಹಾರೋಹಳ್ಳಿಯಲ್ಲಿ ಮತ್ತೊಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ. ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ. 1974ರಲ್ಲಿ ಮೊದಲ ಹಂತದ ನೀರು ಊರಿಗೆ ಬಂತು. ಅದಕ್ಕೆ ಮುಂಚೆ ಹೆಸರಘಟ್ಟದ ನೀರು, ತಿಪ್ಪಗೊಂಡನಹಳ್ಳಿಯ ನೀರು. ಎರಡೂ ಅರ್ಕಾವತಿಯವೇ.

"ನೀರು ಮೇಲಕ್ಕೆ ಹತ್ತುತ್ತಾ?" ಎಂದಳು ನನ್ನ ಮಗಳು. ಅವಳಿಗೆ ಆಗ ಆರು.

"ಹತ್ತಲ್ಲ, ಕರೆಂಟು ಹತ್ತಿಸುತ್ತೆ" ಎಂದ ಒಂಬತ್ತು ವರ್ಷದವನು. ಸರಿಯಾಗಿಯೇ ಹೇಳಿದ. ಬೆಂಗಳೂರು ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲಿನದೇ ದೊಡ್ಡ ಪಾಲು.

ಕನಕಪುರ ದಾಟಿ, ಸಂಗಮದ ದಾರಿ ಹಿಡಿದು, ಅಲ್ಲಿಂದ ಕಾಡಿನೊಳಗಿನ ಮಣ್ಣುರಸ್ತೆಯಲ್ಲಿ ಕುಲುಕಾಡುತ್ತ ಹೋದರೆ ಗಾಳಿಬೋರೆ. ಹಿಂದೆ ಬೋಳು ಗುಡ್ಡ, ಮುಂದೆ ಹೊಳೆ, ದಡದುದ್ದಕ್ಕೂ ಹೊಳೆಮತ್ತಿ ಮರಗಳು. ಆ ಮರಗಳ ಬೊಡ್ಡೆ ನೋಡಬೇಕು ನೀವು. ಬೂದಿ ಬಿಳುಪು, ಕೈಯಿಟ್ಟರೆ ತಣ್ಣಗೆ. ನಾಲ್ಕು ಮಕ್ಕಳು ಕೈಗೆ ಕೈ ಕೊಟ್ಟು ನಿಂತರೂ ತಬ್ಬಲಾಗದಷ್ಟು ದಪ್ಪ. ಸರ್ಕಾರದ ಜಂಗಲ್ ಲಾಡ್ಜಸ್‌ನವರ ಟೆಂಟುಗಳು ಈ ಮರಗಳ ನೆರಳಿನಲ್ಲಿವೆ. ಇದು ಕಾವೇರಿ ವನ್ಯಧಾಮ, 1987ರಲ್ಲಿ ಘೋಷಣೆಯಾದದ್ದು. ಇಲ್ಲಿ ನಮಗೆ ಬೇಕಾದಲ್ಲಿ ಟೆಂಟು ಹೊಡೆಯುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಒಳ್ಳೆಯದು.

ಇಳಿದ ಕೂಡಲೇ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ಬೆಂಕಿ ಎಲ್ಲಿ ಹಾಕೋದು. ಅಲ್ಲಿ ತೆಪ್ಪ ನಡೆಸುವ ಒಬ್ಬ ಯಜಮಾನರಿದ್ದರು. ವಯಸ್ಸು ಅರವತ್ತರ ಮೇಲೆ, ಖಾಕಿ ಅಂಗಿ, ಬರಿಗಾಲು. ಮಕ್ಕಳು ಆಗಲೇ ತಾತ ಎನ್ನಲು ಶುರುಮಾಡಿದ್ದವು. ಅವರು ಕುಕ್ಕರಗಾಲಿನಲ್ಲಿ ಕೂತು, ಮಕ್ಕಳ ಮುಖಕ್ಕೆ ಮುಖ ಕೊಟ್ಟು, "ಬೆಂಕಿ ಇಲ್ಲ ಕನ್ರಪ್ಪಾ. ಈಗ ಕಾಡು ಒಣಗಿ ನಿಂತದೆ. ಒಂದು ಕಿಡಿ ಹಾರುದ್ರೆ ಗುಡ್ಡನೇ ಹೋಯ್ತದೆ" ಎಂದರು.

ಅದಕ್ಕೆ ಯಾರೂ ಎದುರು ಹೇಳುವಂತಿರಲಿಲ್ಲ. ಹಿಂದಿನ ವಾರವಷ್ಟೇ ಬಂಡೀಪುರ ಹೊತ್ತಿ ಉರಿದಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಕಾಡಿನ ಮೇಲೆ ಸುರಿದದ್ದನ್ನು ಮಕ್ಕಳೂ ಟೀವಿಯಲ್ಲಿ ನೋಡಿದ್ದವು. ಆದರೂ ಬೇಜಾರು ಬೇಜಾರೇ. ನನ್ನ ನಾಲ್ಕು ವರ್ಷದ ಮಗ ಅತ್ತೇಬಿಟ್ಟ. ಅತ್ತೆ ತಮ್ಮ ಚೀಲವನ್ನು ಅಡುಗೆಮನೆಗೆ ಕೊಟ್ಟು, ಗೆಣಸನ್ನು ಬೇಯಿಸಿಕೊಡಿ ಎಂದು ಹೇಳಿ ಬಂದರು.

ಆ ಸಂಜೆ ನಾವು ಮಾಡಿದ್ದು ಹೆಚ್ಚೇನಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮರಕ್ಕೆ ಕಟ್ಟಿದ ಬಲೆ ತೊಟ್ಟಿಲಲ್ಲಿ ಮಕ್ಕಳು ಸರದಿಯಲ್ಲಿ ಮಲಗಿದವು. ಮತ್ತಿಮರದ ತುದಿಯಲ್ಲಿ ಬೂದು ಬಣ್ಣದ ದೊಡ್ಡ ಅಳಿಲೊಂದು ಉದ್ದ ಬಾಲ ಇಳಿಬಿಟ್ಟು ಕೂತಿತ್ತು. ನಮ್ಮ ಲಾಲ್‌ಬಾಗಿನ ಮೂರು ಗೆರೆಯ ಅಳಿಲಿಗೆ ಇದು ಅಪ್ಪನಷ್ಟಲ್ಲ, ಮುತ್ತಜ್ಜನಷ್ಟು ದೊಡ್ಡದು. ಶ್ರೀಲಂಕಾ ಬಿಟ್ಟರೆ ಇದು ಇರುವುದು ತಮಿಳುನಾಡು, ಕೇರಳದ ಕೆಲವು ಕಾಡುಗಳಲ್ಲಿ. ಕರ್ನಾಟಕದಲ್ಲಿ ಈ ಕಾವೇರಿ ದಡದಲ್ಲಿ. ಸಂಜೆ ಆರರ ಹೊತ್ತಿಗೆ ಎರಡು ನೀರುನಾಯಿಗಳು ಬಂಡೆ ಹತ್ತಿ ಮೈ ಒದರಿ ಮತ್ತೆ ನೀರಿಗಿಳಿದವು. ಆಚೆಯ ಮರಳದಿಣ್ಣೆಯ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿದ್ದಿತ್ತು. ಅದನ್ನು ನೋಡಿದ ಮೇಲೆ, ನೀರಿಗೆ ಇಳಿಯಬೇಡಿ ಎಂದು ಮಕ್ಕಳಿಗೆ ನಾವು ಹೇಳುವ ಅಗತ್ಯವೇ ಬೀಳಲಿಲ್ಲ.

ತಾತ ಹಿಂದೆ ಗಾಳ ಹಾಕುವ ದೊರೆಗಳ ಜೊತೆ ಕೆಲಸ ಮಾಡಿದವರಂತೆ. ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ, ಈ ಮೂರೂ ಕ್ಯಾಂಪುಗಳಿಗೆ ಒಂದು ಕಾಲದಲ್ಲಿ ದೇಶವಿದೇಶಗಳಿಂದ ಜನ ಬರುತ್ತಿದ್ದದ್ದು ಬಿಳಿಮೀನಿಗಾಗಿ. ಪುಸ್ತಕದಲ್ಲಿ ಮಹಸೀರ್ ಎನ್ನುವ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು 120 ಪೌಂಡಿನ ಮೀನು ಹಿಡಿದದ್ದು ಬಹುಕಾಲ ದಾಖಲೆಯಾಗಿತ್ತು. ಈಚಿನ ವರ್ಷಗಳಲ್ಲಿ ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಹಾಗೇ ಹೊಳೆಗೆ ಬಿಡುತ್ತಿದ್ದರು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾದ ಮೇಲೆ ಅದೂ ನಿಂತಿತು. ನಾವು ಹೋಗುವ ಹಿಂದಿನ ವರ್ಷ, 2018ರಲ್ಲಿ, ಕಾವೇರಿಯ ಈ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿನ ಪಟ್ಟಿಗೆ ಸೇರಿತ್ತು. "ಈ ಮಗೀಗಿಂತ ಉದ್ದ ಇತ್ತು" ಎಂದು ತಾತ ನನ್ನ ಮಗಳನ್ನು ತೋರಿಸಿದರು. ಅವಳು ಕೂಡಲೇ ನೆಲದ ಮೇಲೆ ಉದ್ದಕ್ಕೆ ಮಲಗಿ, ತಲೆಯಿಂದ ಕಾಲಿನವರೆಗೆ ಮಣ್ಣಿನಲ್ಲಿ ಗೆರೆ ಹಾಕಿಸಿಕೊಂಡಳು.

ಏಳೂವರೆಗೆ ಊಟವಾಯಿತು. ಮುದ್ದೆ, ಸೊಪ್ಪಿನ ಸಾರು, ಮಕ್ಕಳಿಗೆ ಚಪಾತಿ, ಆಮೇಲೆ ಅತ್ತೆಯ ಬೇಯಿಸಿದ ಗೆಣಸು. ಚಾಪೆ ಹಾಸಿ, ನಡುವೆ ಒಂದು ಲಾಟೀನು ಇಟ್ಟುಕೊಂಡು ಹೊಳೆಯ ಕಡೆಗೆ ಮುಖ ಮಾಡಿ ಕೂತೆವು. ಶಿವರಾತ್ರಿಯ ಹತ್ತಿರದ ದಿನಗಳಲ್ಲವೇ, ಚಂದ್ರ ಬರುವುದು ಬೆಳಗಿನ ಜಾವಕ್ಕೆ. ಕನಕಪುರದ ಬೆಳಕೂ ಅಲ್ಲಿಗೆ ಮುಟ್ಟದು. ನೆತ್ತಿಯ ಮೇಲೆ ಮೃಗಶಿರೆ, ಪಡುವಣಕ್ಕೆ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಎಂದು ಅತ್ತೆ ಕೇಳಿದರು. ಮಕ್ಕಳು ಆರು ಎಂದವು, ಒಂಬತ್ತು ವರ್ಷದವನು ಏಳು ಎಂದ, ಅದರ ಮೇಲೆ ಜಗಳವಾಯಿತು. ಜಯನಗರದ ನಮ್ಮ ತಾರಸಿಯಿಂದ ಆ ಗೊಂಚಲು ಕಾಣುವುದೇ ಇಲ್ಲ, ಎಣಿಸುವ ಮಾತಿರಲಿ.

ಜಗಳ ಬಿಡಿಸಲು ಅತ್ತೆ ಮುತ್ತತ್ತಿಯ ಕಥೆ ಶುರುಮಾಡಿದರು. ಅಲ್ಲಿಂದ ಹೊಳೆಯ ಮೇಲುಗಡೆಗೆ ಮುತ್ತತ್ತಿ, ಹನುಮಂತರಾಯನ ಗುಡಿ ಇರುವ ಊರು. ಸೀತಮ್ಮ ಹೊಳೆಗೆ ಸ್ನಾನಕ್ಕೆ ಇಳಿದಳಂತೆ. ಮೂಗುತಿಯ ಮುತ್ತು ಜಾರಿ ಸುಳಿಯಲ್ಲಿ ಬಿದ್ದುಹೋಯಿತಂತೆ. ಸೀತಮ್ಮನ ಕಣ್ಣಲ್ಲಿ ನೀರು. ಹನುಮಂತ ನೋಡಿದ. ದಡದ ಮೇಲೆ ಕೂತು, ತನ್ನ ಬಾಲವನ್ನು ನೀರಿಗೆ ಇಳಿಬಿಟ್ಟು, ಹೊಳೆಯನ್ನೇ ಕಡೆಯಲು ಶುರುಮಾಡಿದ...

ಆಚೆ ದಡದಲ್ಲಿ ಲಟಕ್ಕನೆ ಒಂದು ಕೊಂಬೆ ಮುರಿಯಿತು.

ತಾತ ಕೈ ಎತ್ತಿದರು. ಇನ್ನೊಂದು ಕೊಂಬೆ. ಬಗ್ಗಿ ಲಾಟೀನು ಆರಿಸಿದರು. "ಸುಮ್ಕಿರಿ. ಮೊಬೈಲು ತೆಗೀಬ್ಯಾಡಿ. ನೀರ್ಗೆ ಬತ್ತಾವೆ" ಎಂದರು, ಉಸಿರಿನಲ್ಲೇ.

ಆ ಕತ್ತಲನ್ನು ಹೇಗೆ ಹೇಳಲಿ? ಪಕ್ಕದಲ್ಲಿ ಕೂತ ಮಗಳ ಮುಖ ನನಗೆ ಕಾಣಲಿಲ್ಲ. ಅವಳ ಕೈ ಬಂದು ನನ್ನ ಮೊಣಕೈ ಹಿಡಿದದ್ದಷ್ಟೇ ಗೊತ್ತು. ಮನೆಯಲ್ಲಿ ಕರೆಂಟು ಹೋದರೆ ಕಿರುಚುವ ಮಕ್ಕಳು, ಬಚ್ಚಲಿಗೆ ಹೋಗಲೂ ದೀಪ ಬೇಕೆನ್ನುವ ಮಕ್ಕಳು. ಒಂದೂ ಉಸಿರೆತ್ತಲಿಲ್ಲ. ನನಗೆ ಈಗಲೂ ಅನಿಸುವುದು, ಅವು ಹೆದರಿ ಸುಮ್ಮನಾಗಿರಲಿಲ್ಲ. ತಾತ ಹೆದರಿರಲಿಲ್ಲ, ಅಜ್ಜಿ ಹೆದರಿರಲಿಲ್ಲ, ಅದನ್ನು ಮಕ್ಕಳು ಕತ್ತಲಲ್ಲೇ ತಿಳಿದುಕೊಂಡಿದ್ದವು.

ಮೊದಲು ಕಲ್ಲುಗಳು ಉರುಳುವ ಸದ್ದು. ಆಮೇಲೆ ನೀರು. ಒಬ್ಬೊಬ್ಬರಾಗಿ ಇಳಿಯುತ್ತಿರುವುದು ಕಿವಿಗೇ ಗೊತ್ತಾಗುತ್ತಿತ್ತು: ಒಂದು ಭಾರದ ಹೆಜ್ಜೆ, ಸ್ವಲ್ಪ ಬಿಟ್ಟು ಇನ್ನೊಂದು, ಅದರ ಹಿಂದೆಯೇ ಚಟಪಟ ಸಣ್ಣ ಹೆಜ್ಜೆ. ಸೊಂಡಿಲಿನಿಂದ ನೀರು ಎಳೆಯುವುದು, ಬಾಯಿಗೆ ಬಿಡುವುದು. ಅದೊಂದು ಸದ್ದು, ಬಿಂದಿಗೆ ಬಗ್ಗಿಸಿ ಹಂಡೆಗೆ ನೀರು ಸುರಿದ ಹಾಗೆ, ಬಿಟ್ಟು ಬಿಟ್ಟು, ಆತುರವಿಲ್ಲದೆ. ಒಮ್ಮೆ ಮರಿ ಕೀಂ ಎಂದಿತು. ಅದಕ್ಕೆ ಉತ್ತರವಾಗಿ ದೊಡ್ಡದೊಂದು ಹೊಟ್ಟೆಯೊಳಗಿನಿಂದ ಗುರುಗುಟ್ಟಿತು. ಆ ಸದ್ದು ನಮ್ಮ ಕಿವಿಗಿಂತ ಮೊದಲು ಎದೆಗೆ ಮುಟ್ಟಿತು. ಆನೆಗಳು ಪರಸ್ಪರ ಮಾತಾಡುವಾಗ ನಮಗೆ ಕೇಳಿಸದಷ್ಟು ತಗ್ಗಿನ ದನಿಯನ್ನೂ ಬಳಸುತ್ತವೆ, ಅದು ಮೈಲಿಗಟ್ಟಲೆ ಹೋಗುತ್ತದೆ ಎಂದು ಓದಿದ್ದೆ.

ನನ್ನ ಮಗ ತಾತನ ತೊಡೆಯ ಮೇಲೆ ಯಾವಾಗ ಹೋಗಿ ಕೂತನೋ. ಅವನ ಪಿಸುದನಿ ಕೇಳಿತು. "ಅವಕ್ಕೆ ದೀಪ ಬೇಡ್ವಾ?"

"ಅವುಕ್ಕೆ ಯಾತರ ದೀಪ ಕೂಸೇ. ಸೊಂಡ್ಲಲ್ಲೇ ನೋಡ್ತವೆ. ನಿನ್ನೂ ನೋಡ್ಬುಟ್ಟವೆ ಆಗ್ಲೇ."

ಗಾಳಿ ನಮ್ಮ ಕಡೆಯಿಂದ ಆಚೆಗೆ ಬೀಸುತ್ತಿತ್ತು. ಮೂರು ಮನೆಯ ಮಂದಿಯ ವಾಸನೆ, ಗೆಣಸಿನ ವಾಸನೆ, ಮಕ್ಕಳಿಗೆ ಹಚ್ಚಿದ ಸೊಳ್ಳೆ ಎಣ್ಣೆಯ ವಾಸನೆ, ಎಲ್ಲವೂ ಅವಕ್ಕೆ ಗೊತ್ತಾಗಿದ್ದಿರಬೇಕು. ಗೊತ್ತಿದ್ದೂ ಕುಡಿದವು. ಬೆಂಕಿ ಉರಿಯುತ್ತಿದ್ದರೆ, ನಾವು ಮಕ್ಕಳ ಆಸೆಯಂತೆ ಹಾಡು ಹೇಳುತ್ತ ಕೂತಿದ್ದರೆ, ಅವು ಆ ಹೊತ್ತಿಗೆ ಆ ಜಾಗಕ್ಕೆ ಬರುತ್ತಿರಲಿಲ್ಲ ಎಂದು ತಾತ ಆಮೇಲೆ ಹೇಳಿದರು. ಇನ್ನಷ್ಟು ಕೆಳಗೋ ಮೇಲೋ ಹೋಗಿ ನೀರು ಕುಡಿಯುತ್ತಿದ್ದವು. ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಎಷ್ಟು ಹೊತ್ತು ಕೂತೆವೋ. ಅತ್ತೆಯ ಬಳೆಯ ಸದ್ದೊಂದು ಸಣ್ಣಗೆ ಆಯಿತು; ಕೈ ಮುಗಿದಿದ್ದರು. ಕೊನೆಗೆ ಹೆಜ್ಜೆಗಳು ನೀರಿನಿಂದ ಹತ್ತಿದವು, ಮತ್ತೆ ಕೊಂಬೆ ಮುರಿಯಿತು, ಆಮೇಲೆ ಹೊಳೆಯ ಸದ್ದು ಮಾತ್ರ. ತಾತ ಲಾಟೀನು ಹಚ್ಚಲಿಲ್ಲ. ಹಾಗೇ ಕೂತಿರಿ ಎಂದರು. ಆಗ ಎಲ್ಲರಿಗಿಂತ ಚಿಕ್ಕವಳು ಕೇಳಿದಳು: "ಅಜ್ಜಿ, ಮುತ್ತು ಸಿಕ್ತಾ?"

ಸಿಕ್ಕಿತು ಎಂದು ಅತ್ತೆ ಕಥೆ ಮುಗಿಸಿದರು. ಮಕ್ಕಳು ಟೆಂಟಿನಲ್ಲಿ ಹೊರಳಿದ ಕೂಡಲೇ ನಿದ್ದೆ ಹೋದವು. ದೊಡ್ಡವರು ನಾವು ಬಹಳ ಹೊತ್ತು ಮಲಗಲಿಲ್ಲ.

ಬೆಳಿಗ್ಗೆ ಲೈಫ್ ಜಾಕೆಟ್ ಹಾಕಿಸಿ ತೆಪ್ಪದಲ್ಲಿ ಕರೆದುಕೊಂಡು ಹೋದರು. ಹೊಳೆಯ ನಡುವಿನ ಮರಳದಿಣ್ಣೆಯ ಮೇಲೆ ಹೆಜ್ಜೆಗಳು ಅಚ್ಚಳಿಯದೆ ಮೂಡಿದ್ದವು. ಒದ್ದೆ ಮರಳಿನಲ್ಲಿ ಪಾದದ ಬಿರುಕುಗಳೂ ಕಾಣುತ್ತಿದ್ದವು. ಬಲೆ ಬಲೆಯಾಗಿ, ಒಂದೊಂದು ಹೆಜ್ಜೆಯದೂ ಬೇರೆ ಬೇರೆ. ತಾತ ಮೊದಲು ಸುತ್ತ ನೋಡಿ, ಮೊಸಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಕ್ಕಳನ್ನು ಇಳಿಸಿದರು. ಆನೆಯ ಎತ್ತರ ತಿಳಿಯಬೇಕಾದರೆ ಆನೆಯೇ ಬೇಕಿಲ್ಲ, ಮುಂಗಾಲಿನ ಹೆಜ್ಜೆ ಸಾಕು ಎಂದರು. ಹೆಜ್ಜೆಯ ಸುತ್ತಳತೆ ತೆಗೆದು ಎರಡರಷ್ಟು ಮಾಡಿದರೆ ಹೆಗಲಿನ ಎತ್ತರ. ಜೆ.ಪಿ. ನಗರದ ಗೆಳತಿ ತನ್ನ ವೇಲು ಬಿಚ್ಚಿ ಕೊಟ್ಟಳು. ಮಕ್ಕಳು ಮಂಡಿಯೂರಿ ಅದನ್ನು ಹೆಜ್ಜೆಯ ಅಂಚಿಗೆ ಸುತ್ತಲೂ ಇಟ್ಟು, ಗುರುತಿಗೆ ಗಂಟು ಹಾಕಿ, ತಾತನ ಗೇಣಿನಲ್ಲಿ ಅಳೆದವು. ಐದು ಗೇಣು. ಅಂದರೆ ಹತ್ತು ಗೇಣು ಎತ್ತರ. ನನ್ನ ಯಜಮಾನರನ್ನು ನಿಲ್ಲಿಸಿ ಅಳೆದರೆ ಎಂಟು ಗೇಣೂ ತುಂಬಲಿಲ್ಲ. ಪಕ್ಕದಲ್ಲಿ ಮರಿಯ ಹೆಜ್ಜೆ, ಊಟದ ತಟ್ಟೆಗಿಂತ ಚಿಕ್ಕದು. ಅದರ ಮೇಲೆ ಯಾರೂ ಕಾಲಿಡಕೂಡದು ಎಂದು ನನ್ನ ಮಗಳು ಕಾವಲು ನಿಂತಳು.

ಒಂಬತ್ತು ವರ್ಷದವನು ತೆಪ್ಪದಿಂದ ಬಗ್ಗಿ ನೀರು ಮುಟ್ಟಿ ನೋಡುತ್ತಿದ್ದ. "ಇದೇ ನೀರಾ ನಮ್ಮನೆಗೆ ಬರೋದು?" ಎಂದ. ಇದೇ ಹೊಳೆ, ಇನ್ನೂ ಮೇಲಿನಿಂದ ತೆಗೆದುಕೊಳ್ಳುತ್ತಾರೆ ಎಂದೆ. "ಹಾಗಾದ್ರೆ ನಾವು ಬಿಟ್ಟು ಮಿಕ್ಕಿದ್ದು ಆನೆಗೆ" ಎಂದ. ಹುಡುಗ ಯಾರಿಗೂ ಪಾಠ ಹೇಳಲು ಹೊರಟಿರಲಿಲ್ಲ, ಲೆಕ್ಕ ಹಾಕುತ್ತಿದ್ದ, ಅಷ್ಟೇ.

ಹಿಂತಿರುಗುವಾಗ ಸಂಗಮದಲ್ಲಿ ನಿಂತೆವು. ಭಾನುವಾರದ ಜಾತ್ರೆ. ಅರ್ಕಾವತಿ ಬಂದು ಕಾವೇರಿಗೆ ಸೇರುವುದನ್ನು ತೋರಿಸೋಣವೆಂದು ಮಕ್ಕಳನ್ನು ದಡಕ್ಕೆ ಕರೆದೊಯ್ದೆ. ಎರಡು ನೀರಿನ ಬಣ್ಣ ಬೇರೆ ಬೇರೆ, ಅರ್ಕಾವತಿಯದು ಕಪ್ಪು ತಿರುಗಿತ್ತು. ಯಾಕೆ ಎಂದು ಕೇಳಿದವು. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟಿದ ವೃಷಭಾವತಿ, ಬನಶಂಕರಿ, ಕೆಂಗೇರಿಗಳ ಕೊಳಚೆ ಹೊತ್ತುಕೊಂಡು ಬಿಡದಿಯ ಕಡೆ ಬೈರಮಂಗಲದ ಕೆರೆಗೆ ಬೀಳುತ್ತದೆ. ಅಲ್ಲಿಂದ ಅರ್ಕಾವತಿಗೆ. ಅರ್ಕಾವತಿ ಇಲ್ಲಿಗೆ. ಕಾವೇರಿ ನಮ್ಮೂರಿಗೆ ಪೈಪಿನಲ್ಲಿ ಹತ್ತಿ ಬಂದು, ಬಚ್ಚಲಿನಲ್ಲಿ ಇಳಿದು, ಇಷ್ಟು ದೂರ ಹರಿದು ಮತ್ತೆ ಕಾವೇರಿಗೇ ಬಂದು ಬೀಳುತ್ತಿದೆ. ಜಯನಗರದ ನಮ್ಮ ನೀರೇನೂ ಚೊಕ್ಕವಲ್ಲ. ಅದು ಬೆಳ್ಳಂದೂರಿನ ಕಡೆ ಹರಿದು, ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿಗೆ ಹೋಗುತ್ತದೆ. ಬನಶಂಕರಿಯ ಹುಡುಗ ಆ ಕಪ್ಪು ನೀರನ್ನು ನೋಡುತ್ತ ನಿಂತೇ ಇದ್ದ. ಅವನ ಅಮ್ಮ ಮೂರು ಸಲ ಕರೆದ ಮೇಲೆ ಬಂದ.

ಈ ಕಥೆಯನ್ನು ನಾನು ಆಮೇಲೆ ಬಹಳ ಕಡೆ ಹೇಳಿದ್ದೇನೆ. ಹೇಳುವಾಗಲೆಲ್ಲ ಒಂದು ಮಾತು ಗಂಟಲಿಗೆ ಬರುತ್ತದೆ. ನಾವು ಹೋಗುವ ಎರಡು ತಿಂಗಳ ಹಿಂದೆ, 2019ರ ಜನವರಿಯಲ್ಲಿ, ಸಂಗಮದ ಕೆಳಗಿನ ಮೇಕೆದಾಟುವಿನಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯದ ಯೋಜನಾ ವರದಿ ದೆಹಲಿಗೆ ಹೋಗಿತ್ತು. 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟು. ಬೆಂಗಳೂರಿಗೆ ಕುಡಿಯುವ ನೀರು ಕೊಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಮುಳುಗುವುದು ಸುಮಾರು 5,000 ಹೆಕ್ಟೇರ್, ಅದರಲ್ಲಿ ದೊಡ್ಡ ಪಾಲು ಈ ವನ್ಯಧಾಮದ ಕಾಡು. ನೀರು ಬೇಕು ಎನ್ನುವವರ ಕಷ್ಟ ನನಗೆ ಗೊತ್ತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವುದು ಬಿ.ಟಿ.ಎಂ. ಲೇಔಟಿನಲ್ಲೂ ಇದೆ, ಜೆ.ಪಿ. ನಗರದ ಕೊನೆಯ ಫೇಸುಗಳಲ್ಲೂ ಇದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಊರಿಗೆ ಬಂದದ್ದು ಒಳ್ಳೆಯದೇ. ಆದರೆ ಆ ಮತ್ತಿಮರಗಳ ಕೆಳಗೆ ಕತ್ತಲಲ್ಲಿ ಕೂತು ಆ ಮರಿಯ ದನಿ ಕೇಳಿದವಳಾಗಿ, ಆ ದಡವನ್ನು ಮುಳುಗಿಸಿ ನನ್ನ ಮನೆಯ ತೊಟ್ಟಿ ತುಂಬಿಸಿ ಎಂದು ನಾನು ಕೇಳಲಾರೆ. ಮೊದಲು ವೃಷಭಾವತಿಯನ್ನು ತೊಳೆಯೋಣ, ಸೋರುವ ಪೈಪು ಸರಿಮಾಡೋಣ, ಮಳೆನೀರು ಹಿಡಿಯೋಣ. ಇವೆಲ್ಲ ಮುಗಿದ ಮೇಲೂ ಸಾಲದೆ ಹೋದರೆ ಆಗ ಮಾತಾಡೋಣ.

ದಕ್ಷಿಣ ಬೆಂಗಳೂರಿನಲ್ಲಿ ಚಿಕ್ಕ ಮಕ್ಕಳಿರುವ ಮನೆಯವರಿಗೆ ನನ್ನದೊಂದು ಕೋರಿಕೆ. ಒಮ್ಮೆ ಹೋಗಿ ಬನ್ನಿ. ಅನುಮತಿ ಇರುವ ಕ್ಯಾಂಪಿನಲ್ಲೇ ಉಳಿಯಿರಿ. ಸಂಗಮದಲ್ಲಾಗಲಿ ಮೇಕೆದಾಟುವಿನಲ್ಲಾಗಲಿ ನೀರಿಗೆ ಇಳಿಯಬೇಡಿ. ಅಲ್ಲಿನ ಸುಳಿಗಳಿಗೆ ಪ್ರತಿ ವರ್ಷ ಜನ ಜೀವ ಕೊಡುತ್ತಿದ್ದಾರೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅಮಾವಾಸ್ಯೆಯ ಆಸುಪಾಸಿನ ಶನಿವಾರ ನೋಡಿಕೊಳ್ಳಿ. ಬೇಸಿಗೆಯಾದರೆ ಬೆಂಕಿ ಕೇಳಬೇಡಿ.